ಬಲವೋ ಅಭ್ಯಾಸವೋ: ವೀಡಿಯೋ ಆಟದಲ್ಲಿ ನಿಕಟಯುದ್ಧದ ಆಯ್ಕೆ

ಯಾವ ಆಯುಧವನ್ನು ಹಿಡಿಯಬೇಕು, ಯಾರೊಡನೆ ಕಾದಬೇಕು ಎಂಬ ಪ್ರಶ್ನೆ ನಮ್ಮ ಕಾವ್ಯಪರಂಪರೆಗೆ ಹೊಸತಲ್ಲ. ವ್ಯಾಸಭಾರತದ ಶಲ್ಯಪರ್ವದಲ್ಲಿ ಕೊಳದಲ್ಲಿ ಅಡಗಿದ್ದ ದುರ್ಯೋಧನನಿಗೆ ಧರ್ಮರಾಯನು, ನಿನಗೆ ಒಪ್ಪಿದ ಆಯುಧವನ್ನು ಆರಿಸಿಕೊಂಡು ನಮ್ಮಲ್ಲಿ ಒಬ್ಬನೊಡನೆ ಹೋರಾಡು, ಗೆದ್ದರೆ ರಾಜ್ಯವೆಲ್ಲ ನಿನ್ನದು ಎಂದು ಮಾತುಕೊಡುತ್ತಾನೆ. ದುರ್ಯೋಧನನು ಗದೆಯನ್ನು ಆರಿಸುತ್ತಾನೆ. ಈ ಉದಾರವಾದ ಮಾತನ್ನು ಕೇಳಿ ಶ್ರೀಕೃಷ್ಣನು ಧರ್ಮರಾಯನ ಮೇಲೆ ಸಿಟ್ಟಾಗುತ್ತಾನೆ. ಇದು ಮತ್ತೊಂದು ಜೂಜು ಎಂದು ಹಳಿಯುತ್ತಾನೆ. ಆಯುಧದ ಆಯ್ಕೆಯೆಂಬುದು ಕೇವಲ ಯುದ್ಧಕ್ಕೆ ಮುಂಚಿನ ಸಿದ್ಧತೆಯಲ್ಲ, ಯುದ್ಧದ ಫಲವನ್ನೇ ಒಳಗೊಂಡಿರುವ ಕ್ರಿಯೆ ಎಂಬ ಅರಿವು ಆ ಸಿಟ್ಟಿನ ಹಿಂದೆ ಇದೆ. ಇದೇ ಪ್ರಶ್ನೆಯನ್ನು ಇಂದು ಅದ್ಭುತಕಥಾವಸ್ತುವಿನ ವೀಡಿಯೋ ಆಟಗಳು ನಮ್ಮ ತರುಣರ ಮುಂದೆ ಇಡುತ್ತಿವೆ. ಆ ಆಟಗಳು ಅದಕ್ಕೆ ಕೊಡುವ ಉತ್ತರವನ್ನು ವಿಮರ್ಶೆಯ ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ.

ಮಂಗಳೂರಿನ ಫಳ್ನೀರ್, ಕಂಕನಾಡಿ, ಹಂಪನಕಟ್ಟೆಗಳಲ್ಲಿ ನೆಲೆಸಿ ಓದುತ್ತಿರುವ ವಿದ್ಯಾರ್ಥಿಗಳ ಮಾತುಕತೆಯಲ್ಲಿ ‘ಬಿಲ್ಡ್’ ಎಂಬ ಶಬ್ದವು ಆಗಾಗ ಕಿವಿಗೆ ಬೀಳುತ್ತದೆ. ಆಟದಲ್ಲಿ ತಾನು ನಡೆಸುವ ಪಾತ್ರಕ್ಕೆ ಯಾವ ಗುಣಗಳನ್ನು ಬೆಳೆಸಬೇಕು, ಯಾವ ಆಯುಧ, ಯಾವ ಕವಚವನ್ನು ಕೊಡಬೇಕು ಎಂಬ ಒಟ್ಟು ಯೋಜನೆಗೆ ಈ ಹೆಸರು. ಕನ್ನಡದ ‘ಮೈಕಟ್ಟು’ ಎಂಬ ಮಾತು ಇದಕ್ಕೆ ಬಹಳ ಸಮೀಪವಾದುದು. ಮೈಯನ್ನು ಕಟ್ಟುವುದೆಂದರೆ ಅದಕ್ಕೊಂದು ಆಕಾರವನ್ನು ಕೊಡುವುದು. ಆಕಾರವನ್ನು ಕೊಡುವುದೆಂದರೆ ಬೇರೆ ಆಕಾರಗಳನ್ನು ಬಿಡುವುದು. ವಿದ್ಯಾರ್ಥಿಗಳು ಈ ವಿಷಯವನ್ನು ಚರ್ಚಿಸುವಾಗ ತೋರುವ ಶ್ರದ್ಧೆಯನ್ನು ತರಗತಿಯ ಪಠ್ಯದಲ್ಲಿ ತೋರುವುದಿಲ್ಲವೆಂಬುದು ಅಧ್ಯಾಪಕರ ಸಾಮಾನ್ಯ ದೂರು. ದೂರು ನಿಜವಿರಬಹುದು. ಆದರೆ ಅವರು ಚರ್ಚಿಸುತ್ತಿರುವ ಪ್ರಶ್ನೆಯೇ ಕ್ಷುದ್ರವಾದುದೆಂದು ತೀರ್ಮಾನಿಸುವುದಕ್ಕೆ ಅದು ಆಧಾರವಾಗಲಾರದು.

ಈ ಬಗೆಯ ಆಟಗಳ ವಂಶವೃಕ್ಷವು ೧೯೭೪ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದವರೆಗೆ ಹೋಗುತ್ತದೆ. ಮನುಷ್ಯನ ಸಾಮರ್ಥ್ಯವನ್ನು ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಕೈಚಳಕ, ಆಕರ್ಷಣೆ ಎಂಬ ಆರು ಅಂಶಗಳಾಗಿ ವಿಭಾಗಿಸಿ ಒಂದೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟದ್ದು ಆ ಆಟದ ವಿಶೇಷ. ಅನಂತರ ಬಂದ ಕಂಪ್ಯೂಟರ್ ಆಟಗಳು ಈ ವಿಭಾಗಕ್ರಮವನ್ನೇ ಬಗೆಬಗೆಯಾಗಿ ಬೆಳೆಸಿದವು. ನಮ್ಮ ವಿಮರ್ಶೆಗೆ ಉದಾಹರಣೆಯಾಗಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯು ಹಿಡೆತಾಕ ಮಿಯಾಝಾಕಿಯವರ ನಿರ್ದೇಶನದಲ್ಲಿ ೨೦೨೨ರ ಫೆಬ್ರವರಿಯಲ್ಲಿ ಹೊರತಂದ ‘ಎಲ್ಡನ್ ರಿಂಗ್’ ಎಂಬ ಆಟವನ್ನು ತೆಗೆದುಕೊಳ್ಳೋಣ. ಇದರಲ್ಲಿ ಗುಣಗಳು ಎಂಟು: ಜೀವಶಕ್ತಿ, ಮನಸ್ಸು, ತಾಳಿಕೆ, ಬಲ, ಕೈಚಳಕ, ಬುದ್ಧಿ, ಶ್ರದ್ಧೆ, ಗೂಢಶಕ್ತಿ. ಆರಂಭದ ಪಾತ್ರಗಳು ಹತ್ತು. ಕೊಂದ ಶತ್ರುಗಳಿಂದ ದೊರೆಯುವ ‘ರೂನ್’ ಎಂಬ ಸಂಪತ್ತನ್ನು ತೆತ್ತು ಆಟಗಾರನು ಒಂದು ಸಲಕ್ಕೆ ಒಂದು ಗುಣವನ್ನು ಒಂದಂಶದಷ್ಟು ಏರಿಸಿಕೊಳ್ಳಬಹುದು. ಏರಿದಂತೆಲ್ಲ ಬೆಲೆಯೂ ಏರುತ್ತದೆ. ಸತ್ತರೆ ಕೈಯಲ್ಲಿದ್ದ ಸಂಪತ್ತೆಲ್ಲ ಸತ್ತ ಸ್ಥಳದಲ್ಲಿ ಉಳಿಯುತ್ತದೆ. ಅದನ್ನು ಮರಳಿ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಅದು ಹೋದಂತೆಯೇ.

ದೂರದಿಂದ ಮಂತ್ರಪ್ರಯೋಗ ಮಾಡುವ ಮಾರ್ಗವನ್ನು ಬಿಟ್ಟು, ಶತ್ರುವಿನ ಎದುರಿಗೇ ನಿಂತು ಹೊಡೆದಾಡುವ ನಿಕಟಯುದ್ಧವನ್ನು ಆರಿಸಿದವನ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಬಲದ ದಾರಿ, ಇನ್ನೊಂದು ಕೈಚಳಕದ ದಾರಿ. ‘ಹೀರೋ’ ಎಂಬ ಪಾತ್ರವು ೧೬ ಅಂಶ ಬಲ, ೯ ಅಂಶ ಕೈಚಳಕಗಳೊಡನೆ ಹೊರಡುತ್ತದೆ. ‘ವಾರಿಯರ್’ ಎಂಬುದು ೧೦ ಅಂಶ ಬಲ, ೧೬ ಅಂಶ ಕೈಚಳಕಗಳೊಡನೆ. ‘ಗ್ರೇಟ್‌ಸೋರ್ಡ್’ ಎಂಬ ಮಹಾಖಡ್ಗವು ೩೧ ಅಂಶ ಬಲವನ್ನೂ ಕೇವಲ ೧೨ ಅಂಶ ಕೈಚಳಕವನ್ನೂ ಕೇಳುತ್ತದೆ. ‘ಉಚಿಗಟಾನ’ ಎಂಬ ಜಪಾನೀ ಕತ್ತಿಗೆ ೧೧ ಅಂಶ ಬಲ ಸಾಕು, ಆದರೆ ಕೈಚಳಕ ೧೫ ಬೇಕು. ಆಯುಧವನ್ನು ಎರಡು ಕೈಗಳಲ್ಲಿ ಹಿಡಿದರೆ ಬಲವು ಒಂದೂವರೆ ಪಟ್ಟಿಗೆ ಏರುವುದರಿಂದ ೨೧ ಅಂಶ ಬಲವುಳ್ಳವನೂ ಮಹಾಖಡ್ಗವನ್ನು ಬೀಸಬಲ್ಲ. ಆದರೆ ಆಗ ಗುರಾಣಿಯನ್ನು ಬಿಡಬೇಕು. ಇಷ್ಟೇ ಅಲ್ಲದೆ ಹೊತ್ತ ಭಾರವು ತಾಳಿಕೆಯ ಮಿತಿಯ ನೂರಕ್ಕೆ ೭೦ನ್ನು ಮೀರಿದರೆ ಪೆಟ್ಟಿನಿಂದ ತಪ್ಪಿಸಿಕೊಳ್ಳುವ ಉರುಳಾಟವು ನಿಧಾನವಾಗುತ್ತದೆ. ಹೀಗೆ ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ತ್ಯಜಿಸಲೇಬೇಕೆಂಬ ನಿಯಮವು ಇಡೀ ವ್ಯವಸ್ಥೆಯಲ್ಲಿ ಹಾಸುಹೊಕ್ಕಾಗಿದೆ. ಈ ನಿಯಮವೇ ಆಟದ ಮೊದಲ ಹಿರಿಮೆ ಎಂದು ನಮ್ಮ ಅಭಿಪ್ರಾಯ.

ಬಲ, ಕೈಚಳಕ ಎಂಬ ಈ ಭೇದವನ್ನು ಶಲ್ಯಪರ್ವವು ಬಹಳ ಹಿಂದೆಯೇ ಗುರುತಿಸಿದೆ. ಧರ್ಮರಾಯನನ್ನು ಹಳಿಯುವ ಸಂದರ್ಭದಲ್ಲಿಯೇ ಶ್ರೀಕೃಷ್ಣನು, ಭೀಮನು ಬಲಶಾಲಿ, ದುರ್ಯೋಧನನು ಪಳಗಿದವನು, ಈ ಇಬ್ಬರಲ್ಲಿ ಪಳಗಿದವನೇ ಮಿಗಿಲು ಎಂಬ ಅರ್ಥದ ಮಾತನ್ನಾಡುತ್ತಾನೆ. ಆಟವು ಬಲವನ್ನೂ ಕೈಚಳಕವನ್ನೂ ಸಂಖ್ಯೆಗಳಾಗಿ ಮಾಡಿ ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ದರಕ್ಕೆ ಮಾರುತ್ತದೆ. ಮೇಲುನೋಟಕ್ಕೆ ಇದು ವ್ಯಾಸನ ವಿವೇಕವನ್ನು ಕಳೆದುಕೊಂಡಂತೆ ತೋರುತ್ತದೆ. ಏಕೆಂದರೆ ಅಭ್ಯಾಸವು ಕೊಂಡುಕೊಳ್ಳತಕ್ಕ ವಸ್ತುವಲ್ಲ. ಆದರೆ ಸ್ವಲ್ಪ ಆಳವಾಗಿ ನೋಡಿದರೆ ವಿಷಯವು ಬೇರೆಯಾಗಿ ಕಾಣುತ್ತದೆ. ಆಟದಲ್ಲಿ ಮಾರಾಟವಾಗುವ ಕೈಚಳಕವು ನಿಜವಾಗಿ ಬಲದ ಇನ್ನೊಂದು ರೂಪವಷ್ಟೆ. ಎರಡೂ ಪಾತ್ರದ ಮೈಗೆ ಸೇರಿದುವು. ಕೃಷ್ಣನು ಹೇಳಿದ ಪಳಗುವಿಕೆಯು ಪಾತ್ರದಲ್ಲಿಲ್ಲ, ಆಟಗಾರನ ಬೆರಳುಗಳಲ್ಲಿದೆ. ಎದುರಾಳಿಯ ಭುಜವು ಮೇಲೇಳುವುದನ್ನು ಕಂಡು ತಕ್ಕ ಕ್ಷಣದಲ್ಲಿ ಉರುಳುವುದು, ಪೆಟ್ಟು ಮುಗಿದ ಬಿಡುವಿನಲ್ಲಿ ಮುನ್ನುಗ್ಗುವುದು ಇವುಗಳಿಗೆ ಸಂಖ್ಯೆಯಿಲ್ಲ, ಬೆಲೆಯೂ ಇಲ್ಲ. ‘ರೆಚ್’ ಎಂಬ ದೀನಪಾತ್ರವು ಎಂಟು ಗುಣಗಳಲ್ಲಿಯೂ ೧೦ ಅಂಶ ಮಾತ್ರ ಹೊಂದಿ, ಕೈಯಲ್ಲೊಂದು ದೊಣ್ಣೆ ಹಿಡಿದು, ಕವಚವಿಲ್ಲದೆ ಹೊರಡುತ್ತದೆ. ಪಳಗಿದ ಆಟಗಾರನು ಈ ದೀನನನ್ನು ಕೊನೆಯವರೆಗೂ ಮುಟ್ಟಿಸಬಲ್ಲ. ಪಳಗದವನು ಮಹಾಖಡ್ಗವಿದ್ದರೂ ಮೊದಲ ಬಾಗಿಲಲ್ಲಿಯೇ ಬೀಳುತ್ತಾನೆ. ಹೀಗೆ ಬಲವು ಪಾತ್ರದ್ದು, ಅಭ್ಯಾಸವು ಆಟಗಾರನದು ಎಂದು ಹಂಚಿಹೋಗಿರುವುದರಿಂದ ಕೃಷ್ಣನ ತೀರ್ಪು ಇಲ್ಲಿಯೂ ನಿಂತಿದೆ.

ಆದರೆ ಅಭ್ಯಾಸಕ್ಕೂ ಒಂದು ದೋಷವುಂಟು. ಅದೇ ಪ್ರಸಂಗದಲ್ಲಿ ಹೇಳಿರುವಂತೆ ದುರ್ಯೋಧನನು ಹದಿಮೂರು ವರ್ಷಗಳ ಕಾಲ ಭೀಮನ ಕಬ್ಬಿಣದ ಪ್ರತಿಮೆಯ ಮೇಲೆ ಗದೆಯನ್ನು ಸಾಧಿಸಿದನು. ವೀಡಿಯೋ ಆಟದ ಅಭ್ಯಾಸವೂ ಬಹುಮಟ್ಟಿಗೆ ಇಂತಹುದೇ. ‘ಮಾರ್ಗಿಟ್’ ಎಂಬ ಎದುರಾಳಿಯು ಕೋಲನ್ನು ಮೇಲೆತ್ತಿ, ತಡೆದು, ಆಟಗಾರನು ಅವಸರದಿಂದ ಉರುಳಿದ ಮೇಲೆ ಹೊಡೆಯುತ್ತಾನೆ. ಹತ್ತಾರು ಸಲ ಸತ್ತ ಬಳಿಕ ಆಟಗಾರನು ಆ ತಡೆಯ ಅವಧಿಯನ್ನು ಕಂಠಪಾಠ ಮಾಡುತ್ತಾನೆ. ಮಾರ್ಗಿಟ್ ಮಾತ್ರ ಹಿಂದಿನ ಕಾಳಗದಿಂದ ಏನನ್ನೂ ಕಲಿಯುವುದಿಲ್ಲ. ಎಷ್ಟೇ ಭೀಕರನಾದರೂ ಅವನು ಪ್ರತಿಮೆಯೇ. ದುರ್ಯೋಧನನ ಕಥೆಯಲ್ಲಿ ಪ್ರತಿಮೆಯು ಕಲಿಸದಿದ್ದ ಸಂಗತಿಯೇ ಅವನನ್ನು ಕೊಂದಿತು. ಪೆಟ್ಟನ್ನು ತಪ್ಪಿಸಲು ಅವನು ಪಳಗಿದ ರೀತಿಯಲ್ಲಿ ಮೇಲಕ್ಕೆ ನೆಗೆದಾಗ ಭೀಮನು ತೊಡೆಗಳ ಮೇಲೆ ಗದೆಯನ್ನು ಬೀಸಿದನು. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮವನ್ನು ಭೀಮನು ಮುರಿದನೆಂಬುದು ಬಲರಾಮನ ಕೋಪಕ್ಕೆ ಕಾರಣ. ಕಬ್ಬಿಣದ ಭೀಮನಿಗೆ ಪ್ರತಿಜ್ಞೆಯಿರಲಿಲ್ಲ, ದ್ರೌಪದಿಯ ಅವಮಾನದ ನೆನಪಿರಲಿಲ್ಲ. ನಿಜವಾದ ಭೀಮನಿಗೆ ಇದ್ದವು. ಆಟದ ಎದುರಾಳಿಗೆ ನಿಯಮವನ್ನು ಮುರಿಯುವ ಸ್ವಾತಂತ್ರ್ಯವಿಲ್ಲ. ಆದುದರಿಂದ ನಿಯಮವನ್ನು ಪಾಲಿಸುವ ಗೌರವವೂ ಇಲ್ಲ.

ಎರಡನೆಯ ಆಕ್ಷೇಪವು ಆಯ್ಕೆಯ ಸ್ಥಿರತೆಗೆ ಸಂಬಂಧಿಸಿದುದು. ಎಲ್ಡನ್ ರಿಂಗ್‌ನಲ್ಲಿ ‘ರೆನ್ನಾಲ’ ಎಂಬ ರಾಣಿಯನ್ನು ಗೆದ್ದ ಮೇಲೆ, ‘ಲಾರ್ವಲ್ ಟಿಯರ್’ ಎಂಬ ವಸ್ತುವನ್ನು ಒಪ್ಪಿಸಿದರೆ, ಕಟ್ಟಿದ ಮೈಯನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳಬಹುದು. ಆ ವಸ್ತುಗಳು ಮಿತಸಂಖ್ಯೆಯವು ಎಂಬುದು ನಿಜ. ಆದರೂ ಬಲಶಾಲಿಯು ಒಂದು ಗಳಿಗೆಯಲ್ಲಿ ಮಾಂತ್ರಿಕನಾಗುತ್ತಾನೆ. ಇದಕ್ಕೆ ಎದುರಾಗಿ ಫಳ್ನೀರಿಗೆ ಹತ್ತಿರದಲ್ಲಿಯೇ ಇರುವ ಕಂಕನಾಡಿಯ ಬ್ರಹ್ಮ ಬೈದರ್ಕಳ ಗರಡಿಯನ್ನು ನೆನೆಯಬಹುದು. ಮೈಸೂರು ಸೀಮೆಯಲ್ಲಿ ಗರಡಿಯೆಂದರೆ ಜಟ್ಟಿಗಳು ಮೈಯನ್ನು ಸಾಧಿಸುವ ಮನೆ. ತುಳುನಾಡಿನಲ್ಲಿ ಕೋಟಿ ಚೆನ್ನಯರೆಂಬ ಅವಳಿವೀರರ ಆರಾಧನೆಯ ಸ್ಥಾನ. ಸಾಧನೆಯ ಸ್ಥಳಕ್ಕೂ ಪೂಜೆಯ ಸ್ಥಳಕ್ಕೂ ಒಂದೇ ಹೆಸರಿರುವುದು ಅರ್ಥಗರ್ಭಿತವಾಗಿದೆ. ಆ ವೀರರ ಆಯುಧ ‘ಸುರಿಯ’ವೆಂಬ ಕೈಗತ್ತಿ, ಶತ್ರುವಿನ ಉಸಿರು ತಾಕುವಷ್ಟು ಹತ್ತಿರಕ್ಕೆ ಹೋಗದೆ ಅದರಿಂದ ಪ್ರಯೋಜನವಿಲ್ಲ. ಪ್ರಚಲಿತವಾದ ಕಥೆಯಂತೆ ಎಣ್ಮೂರಿನ ಕಾಳಗದಲ್ಲಿ ಕೋಟಿಯು ದೂರದಿಂದ ಬಂದ ಬಾಣಕ್ಕೆ ಬಿದ್ದನು. ಆದರೂ ನೇಮದಲ್ಲಿ ದೈವದ ಕೈಯಲ್ಲಿ ಇಂದಿಗೂ ಹೊಳೆಯುವುದು ಸುರಿಯವೇ. ಬದಲಾಯಿಸಲಾಗದ ಆಯ್ಕೆಯು ಅವನನ್ನು ಸೋಲಿಸಿತು, ಆ ಆಯ್ಕೆಯೇ ಅವನ ಗುರುತಾಗಿ ಉಳಿಯಿತು. ಬಿಚ್ಚಿ ಕಟ್ಟಬಹುದಾದ ಮೈಗೆ ಇಂತಹ ಗುರುತು ದೊರೆಯುವುದು ಕಷ್ಟ.

ಇಷ್ಟಾದರೂ ದೂರದ ಮಂತ್ರವು ಹೆಚ್ಚು ಸುರಕ್ಷಿತವಾಗಿರುವಾಗ ಹಲವರು ನಿಕಟಯುದ್ಧವನ್ನೇ ಏಕೆ ಬಯಸುತ್ತಾರೆ? ಇದಕ್ಕೆ ಉತ್ತರವನ್ನು ನಮ್ಮ ಕವಿಗಳಲ್ಲಿ ಕಾಣಬಹುದು. ಪಂಪನು ೯೪೧ರಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಬಿಲ್ಲುಗಾರನಾದ ಅರ್ಜುನನೊಡನೆ ಸಮೀಕರಿಸಿದನು. ಆ ಶತಮಾನ ಮುಗಿಯುವ ಹೊತ್ತಿಗೆ ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಗದಾಧರನಾದ ಭೀಮನೊಡನೆ ಸಮೀಕರಿಸಿದನು. ನಾಯಕನ ಆಯುಧವು ಬದಲಾದುದರಿಂದ ಕಾವ್ಯದ ರೀತಿಯೂ ಬದಲಾಯಿತು. ಬಿಲ್ಲಿನ ಯುದ್ಧದಲ್ಲಿ ವೈರಿಗಳ ನಡುವೆ ಬಯಲು ಇರುತ್ತದೆ. ಗದೆಯ ಯುದ್ಧದಲ್ಲಿ ಮಾತು ಇರುತ್ತದೆ. ರನ್ನನ ಹತ್ತು ಆಶ್ವಾಸಗಳಲ್ಲಿ ಗದೆಗಳ ಹೊಡೆದಾಟಕ್ಕೆ ಸಿಕ್ಕುವ ಪಾಲು ಕಿರಿದು; ದ್ರೌಪದಿಯ ಕೆಣಕು, ಹೆಣಗಳ ನಡುವೆ ನಡೆಯುವ ದುರ್ಯೋಧನನ ಶೋಕ, ವೈರಿಗಳ ಮೂದಲೆ ಇವೇ ಹೆಚ್ಚು. ಬಿ.ಎಂ.ಶ್ರೀ.ಯವರು ಈ ಕಾವ್ಯದಿಂದ ನಾಟಕವನ್ನು ರೂಪಿಸುವುದು ಸಾಧ್ಯವಾದುದಕ್ಕೆ ಇದೇ ಕಾರಣ. ಎದುರಾಳಿಯ ಹತ್ತಿರ ಹೋಗುವುದೆಂದರೆ ಅವನನ್ನು ಅರಿಯುವುದು. ಆಟಗಾರನನ್ನು ಆಕರ್ಷಿಸುವುದೂ ಈ ಅರಿವಿನ ಆಸೆಯೇ ಇರಬೇಕು.

ಆದರೆ ಆಸೆಯನ್ನು ಹುಟ್ಟಿಸಿದ ಆಟವು ಅದನ್ನು ಅರ್ಧ ಮಾತ್ರ ಪೂರೈಸುತ್ತದೆ. ಎದುರಾಳಿಯ ಮೈಯ ಚಲನೆಯೆಲ್ಲ ಆಟಗಾರನಿಗೆ ತಿಳಿಯುತ್ತದೆ; ಅವನ ಮನಸ್ಸು ತಿಳಿಯುವುದಿಲ್ಲ. ಎದುರಾಳಿಗಳಲ್ಲಿ ಕೆಲವರು ಒಂದೆರಡು ಮಾತನ್ನಾಡುವುದುಂಟು. ಆಯುಧಗಳ ವಿವರಣೆಯಲ್ಲಿ ಅವರ ಪೂರ್ವಕಥೆಯ ಚೂರುಗಳು ದೊರೆಯುವುದೂ ಉಂಟು. ಆದರೆ ಆಟಗಾರನ ಪಾತ್ರವು ಮರುಮಾತನಾಡದು. ಆದುದರಿಂದ ವಾದವು ಹುಟ್ಟದು. ನಮ್ಮ ಕರಾವಳಿಯ ತಾಳಮದ್ದಳೆಯು ಇದಕ್ಕೆ ಸಂಪೂರ್ಣ ವಿರುದ್ಧವಾದ ಕಲೆ. ಅಲ್ಲಿ ಗದಾಪರ್ವದ ಪ್ರಸಂಗವನ್ನು ನಡೆಸುವವರಿಗೆ ವೇಷವಿಲ್ಲ, ಗದೆಯಿಲ್ಲ; ಅರ್ಥಧಾರಿಗಳು ಕುಳಿತಲ್ಲಿಯೇ ಮಾತಿನಿಂದ ಹೋರಾಡುತ್ತಾರೆ. ಎದುರಿನವನು ಮುಂದೇನು ಹೇಳುವನೆಂಬುದು ಅರ್ಥಧಾರಿಗೆ ಮೊದಲೇ ತಿಳಿದಿರುವುದಿಲ್ಲ, ಏಕೆಂದರೆ ಎದುರಿಗೆ ಕುಳಿತವನು ಪ್ರತಿಮೆಯಲ್ಲ. ತಾಳಮದ್ದಳೆಯು ಗದೆಯನ್ನು ಬಿಟ್ಟು ಮಾತನ್ನು ಉಳಿಸಿಕೊಂಡಿತು. ವೀಡಿಯೋ ಆಟವು ಮಾತನ್ನು ಬಿಟ್ಟು ಗದೆಯನ್ನು ಉಳಿಸಿಕೊಂಡಿದೆ. ಎರಡೂ ಸೇರಿದ ಪೂರ್ಣತೆಯು ರನ್ನನಲ್ಲಿದೆ.

ಮೇಲಿನ ವಿವೇಚನೆಯಿಂದ ಆಟವನ್ನು ತಳ್ಳಿಹಾಕಬೇಕೆಂಬ ನಿರ್ಣಯವು ಬರುವುದಿಲ್ಲ. ಪ್ರತಿಯೊಂದು ಸಾಮರ್ಥ್ಯಕ್ಕೂ ಒಂದು ತ್ಯಾಗವಿದೆ ಎಂಬುದನ್ನೂ, ಕೊಂಡ ಬಲಕ್ಕಿಂತ ಗಳಿಸಿದ ಅಭ್ಯಾಸವು ಹೆಚ್ಚು ಎಂಬುದನ್ನೂ ಅದು ಯಾವ ನೀತಿಬೋಧೆಯೂ ಇಲ್ಲದೆ ಕಲಿಸುತ್ತದೆ. ಇದು ಸಾಮಾನ್ಯವಾದ ಸಾಧನೆಯಲ್ಲ. ಬಲದ ದಾರಿಯೋ ಕೈಚಳಕದ ದಾರಿಯೋ ಎಂದು ಕೇಳುವ ವಿದ್ಯಾರ್ಥಿಗೆ ಕೊಡಬಹುದಾದ ಉತ್ತರವಿಷ್ಟು: ಯಾವುದನ್ನಾದರೂ ಆರಿಸು, ಆದರೆ ಅದರ ಸೋಲುಗಳನ್ನು ಅನುಭವಿಸುವ ಮೊದಲು ರೆನ್ನಾಲಳ ಬಳಿಗೆ ಓಡಬೇಡ. ಅಧ್ಯಾಪಕರಿಗೆ ಹೇಳಬಹುದಾದುದೂ ಒಂದಿದೆ. ಮಹಾಖಡ್ಗದ ಭಾರವನ್ನು ಲೆಕ್ಕಹಾಕಬಲ್ಲ ವಿದ್ಯಾರ್ಥಿಗೆ ದುರ್ಯೋಧನನು ಗದೆಯನ್ನೇ ಏಕೆ ಆರಿಸಿದನು ಎಂಬ ಪ್ರಶ್ನೆಯನ್ನು ಕೊಟ್ಟು ಗದಾಯುದ್ಧದ ಪಾಠವನ್ನು ಆರಂಭಿಸಿದರೆ, ಹಳಗನ್ನಡದ ಕಾಠಿನ್ಯವನ್ನು ದಾಟುವ ತಾಳ್ಮೆಯು ಅವನಲ್ಲಿ ಆಗಲೇ ಇದೆಯೆಂಬುದು ತಿಳಿದುಬರುವುದು. ಒಂದೇ ಎದುರಾಳಿಯ ಮುಂದೆ ಹತ್ತಾರು ಸಲ ಸತ್ತು ಮತ್ತೆ ಏಳುವವನು ಒಂದು ಪದ್ಯವನ್ನು ಹತ್ತು ಸಲ ಓದಲು ಹಿಂಜರಿಯಲಾರನು.