ಕೈಯಲ್ಲೊಂದು ಕಡ್ಡಿ

ನಮ್ಮ ದಕ್ಷಿಣ ಕನ್ನಡದ ಹಳ್ಳಿಮನೆಗಳಲ್ಲಿ ನೆಂಟರ ಊಟ ಮುಗಿದು ಎಲೆಯಡಿಕೆಯೂ ಆದ ಮೇಲೆ ಯಜಮಾನರು ಎದ್ದು ಹೇಳುವ ಮಾತೊಂದಿದೆ: “ಬನ್ನಿ, ತೋಟಕ್ಕೆ ಒಂದು ಸುತ್ತು ಹೋಗಿ ಬರುವ.” ಚೆಂದ ನೋಡುವುದಕ್ಕೆಂದು ಯಾರೂ ಹಾಗೆ ಕರೆಯುವುದಿಲ್ಲ. ಯಾವ ಸಾಲಿಗೆ ಕೊಳೆರೋಗ ಬಂತು, ಕೆರೆಯ ನೀರು ಯಾವ ತಿಂಗಳಿಗೆ ತಳ ಕಂಡಿತು, ಮಂಗಗಳು ಎಷ್ಟು ಎಳನೀರು ಉದುರಿಸಿದವು ಎಂಬ ವರದಿ ನಡೆಯುತ್ತಲೇ ಒಪ್ಪಿಸಲಾಗುತ್ತದೆ. ನೆಂಟರೂ ತಮ್ಮ ತೋಟದ ಲೆಕ್ಕ ಹೇಳುತ್ತಾರೆ. ಹೊರಡುವಾಗ ಅವರ ಕೈಯಲ್ಲಿ ಬಾಳೆಯ ಕಂದೋ, ಮೆಣಸಿನ ಬಳ್ಳಿಯ ತುಂಡೋ, ಒದ್ದೆ ಬಟ್ಟೆಯಲ್ಲಿ ಸುತ್ತಿದ ದಾಸವಾಳದ ಕಡ್ಡಿಯೋ ಇದ್ದೇ ಇರುತ್ತದೆ. ತೋಟ ನೋಡಿ ಬರುವವರ ಕೈಯಲ್ಲಿ ಏನಿದೆ ಎಂಬ ಈ ಹಳೆಯ ಅಳತೆಗೋಲನ್ನೇ ಹಿಡಿದು ನಾನು ಕೇರಳದ ವಿಳಿಂಜಂ, ತಿರುವನಂತಪುರಗಳ ತೋಟಗಳನ್ನು ಸುತ್ತಿದೆ.

ಕೋವಳಂನಿಂದ ವಿಳಿಂಜಂ ದಾಟಿ ಚೊವ್ವರದವರೆಗೆ ಕಡಲಂಚಿನ ದಿಬ್ಬಗಳ ಮೇಲೆ ರೆಸಾರ್ಟುಗಳಿವೆ. ಅವುಗಳ ತೋಟಗಳಲ್ಲಿ ಕೊರತೆ ಹುಡುಕುವುದು ಕಷ್ಟ. ಕೊರತೆ ಇಲ್ಲದಿರುವುದೇ ಅವುಗಳ ಕೊರತೆ. ಹುಲ್ಲುಹಾಸಿನಲ್ಲಿ ಒಂದು ಒಣ ಎಲೆ ಬಿದ್ದಿರುವುದಿಲ್ಲ. ನಮ್ಮ ಗುಡ್ಡಗಳಲ್ಲಿ ತನ್ನಿಷ್ಟಕ್ಕೆ ಬೆಳೆಯುವ ಕೇಪಳ ಇಲ್ಲಿ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸಿಕೊಂಡು ಬೇಲಿಯಾಗಿ ನಿಂತಿದೆ. ತೆಂಗು ಇದೆ, ಆದರೆ ಕಾಯಿ ಅತಿಥಿಯ ತಲೆಯ ಮೇಲೆ ಬೀಳಬಾರದಾದ್ದರಿಂದ ಎಳೆಯದಾಗಿರುವಾಗಲೇ ಕೊಯ್ದುಬಿಡುತ್ತಾರೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1970ರ ದಶಕದ ಆರಂಭದಲ್ಲಿ ಕೋವಳಂ ಗುಡ್ಡದ ಮೇಲೆ ಕಟ್ಟಿದ ಹೋಟೆಲನ್ನು ಇಲ್ಲಿ ನೆನೆಯಬೇಕು. ಅವರು ಕೋಣೆಗಳನ್ನು ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹುದುಗಿಸಿ, ಗುಡ್ಡ ಗುಡ್ಡವಾಗಿಯೇ ಕಾಣುವ ಹಾಗೆ ಮಾಡಿದರು. ಇರುವುದನ್ನು ಇರಗೊಡುವುದೂ ತೋಟಗಾರಿಕೆಯೇ. ಆಮೇಲೆ ಬಂದ ಬಹುಪಾಲು ತೋಟಗಳಿಗೆ ಆ ತಾಳ್ಮೆ ಇಲ್ಲ. ಅಲ್ಲಿಂದ ನಾವು ತರುವುದು ಫೋಟೊ ಮಾತ್ರ.

ಬರಿಗೈಯಲ್ಲಿ ನೋಡಿ ಬರುವ ಈ ರೂಢಿ ಇಲ್ಲಿನದಷ್ಟೇ ಅಲ್ಲ. ತೋಟ ನೋಡುವುದನ್ನೇ ಒಂದು ನಾಡಿನ ಹವ್ಯಾಸವಾಗಿ ಬೆಳೆಸಿದವರಲ್ಲಿ ಐರ್ಲೆಂಡಿನವರಿದ್ದಾರೆ. ಅಲ್ಲಿ ಸಾರ್ವಜನಿಕ ಉದ್ಯಾನಗಳಷ್ಟೇ ಅಲ್ಲ, ಖಾಸಗಿ ಮನೆಗಳೂ ಬೇಸಿಗೆಯಲ್ಲಿ ಗೇಟು ತೆರೆದು ಟಿಕೆಟ್ ಇಟ್ಟು ಅಪರಿಚಿತರನ್ನು ಒಳಬಿಡುತ್ತವೆ. ವಿಕ್ಲೋ ಸೀಮೆಯ ಮೌಂಟ್ ಅಶರ್ ಅಂಥದ್ದೊಂದು ಹೆಸರಾಂತ ತೋಟ. 1868ರಲ್ಲಿ ಡಬ್ಲಿನ್ನಿನ ವ್ಯಾಪಾರಿ ಎಡ್ವರ್ಡ್ ವಾಲ್‌ಪೋಲ್ ಅದನ್ನು ಗುತ್ತಿಗೆಗೆ ಹಿಡಿದಾಗ ಅಲ್ಲಿದ್ದದ್ದು ಹಳೆಯ ಗಿರಣಿ ಮತ್ತು ಒಂದು ಎಕರೆ ಆಲೂಗಡ್ಡೆ ನೆಲ. ಐರ್ಲೆಂಡಿನಲ್ಲೇ ಹುಟ್ಟಿದ ವಿಲಿಯಂ ರಾಬಿನ್ಸನ್ 1870ರಲ್ಲಿ ‘ದಿ ವೈಲ್ಡ್ ಗಾರ್ಡನ್’ ಪುಸ್ತಕ ಬರೆದು, ಗಿಡಗಳನ್ನು ಸಾಲುಗಟ್ಟಿಸಿ ಕವಾಯತು ಮಾಡಿಸಬೇಡಿ, ಅವು ತಾವಾಗಿ ಬದುಕುವ ಕಡೆ ಬಿಡಿ ಎಂದು ವಾದಿಸಿದರು. ಮೌಂಟ್ ಅಶರ್ ಬೆಳೆದದ್ದು ಆ ದಾರಿಯಲ್ಲಿ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ಒಂದು ಎಕರೆ ಆಲೂಗಡ್ಡೆ. ಆ ಗುತ್ತಿಗೆಗೆ 23 ವರ್ಷ ಹಿಂದೆ, 1845ರಲ್ಲಿ, ಡಬ್ಲಿನ್ನಿನ ಗ್ಲಾಸ್‌ನೆವಿನ್ ಸಸ್ಯೋದ್ಯಾನದ ಮೇಲ್ವಿಚಾರಕ ಡೇವಿಡ್ ಮೂರ್ ತಮ್ಮ ಪಾತಿಗಳಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗವನ್ನು ಕಂಡಿದ್ದರು. ಆಮೇಲಿನ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆ ದೇಶದ ಹೂದೋಟಗಳ ಮಣ್ಣಿನಡಿ ಊಟದ ಕಥೆಯೂ ಇದೆ. ಟಿಕೆಟ್ ಕೊಂಡವರಿಗೆ ಹೂ ಮೊದಲು ಕಾಣುತ್ತದೆ.

ಮತ್ತೆ ಇತ್ತ ಬಂದರೆ, ತಿರುವನಂತಪುರದ ಸಾರ್ವಜನಿಕ ತೋಟವೆಂದರೆ ಮ್ಯೂಸಿಯಂ ಆವರಣ. ವಸ್ತುಸಂಗ್ರಹಾಲಯದ ಆರಂಭ 1857ರದ್ದು. ರಾಬರ್ಟ್ ಚಿಸೋಮ್ ರೂಪಿಸಿದ ನೇಪಿಯರ್ ಕಟ್ಟಡ ಮುಗಿದದ್ದು 1880ರಲ್ಲಿ. ಬೆಳಿಗ್ಗೆ ಇಲ್ಲಿ ನಡೆಯುವವರಿಗೆ ಟಿಕೆಟ್ ಇಲ್ಲ. ನಿವೃತ್ತ ಗುಮಾಸ್ತರು, ಪರೀಕ್ಷೆಗೆ ಓದುವ ಹುಡುಗಿಯರು, ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಉಸಿರಾಡಲು ಬಂದವರು ಮರಗಳ ಕೆಳಗೆ ಸಿಗುತ್ತಾರೆ. ನಮ್ಮ ಲಾಲ್‌ಬಾಗ್ ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜಾತ್ರೆಯಾಗುತ್ತದೆ. ಇಲ್ಲಿ ನಾನು ಕಂಡ ಗುಣ ದಿನನಿತ್ಯದ್ದು. ಈ ತೋಟ ಕೈಗೆ ಏನನ್ನೂ ಕೊಡುವುದಿಲ್ಲ, ನಿಜ. ಆದರೆ ಐದು ಸೆಂಟು ಜಾಗವೂ ಇಲ್ಲದವನಿಗೆ ದಿನಾ ಒಂದು ಗಂಟೆ ನೆರಳು ಕೊಡುತ್ತದೆ. ನನ್ನ ಅಳತೆಗೋಲು ಭೂಮಿ ಇದ್ದವರದ್ದು ಎಂದು ನನಗೆ ಮೊದಲು ಅನ್ನಿಸಿದ್ದು ಇಲ್ಲೇ.

ನಗರದಿಂದ ಸುಮಾರು 40 ಕಿ.ಮೀ. ದೂರದ ಪಾಲೋಡಿನಲ್ಲಿ ಜವಾಹರಲಾಲ್ ನೆಹರೂ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆ ಇದೆ. ಹುಟ್ಟಿದ್ದು 1979ರಲ್ಲಿ, ಹರಡಿರುವುದು 300 ಎಕರೆಗೆ. ಬಿದಿರು, ಸೀತಾಳೆ, ತಾಳೆ ಜಾತಿಗಳ ಸಂಗ್ರಹ ದೊಡ್ಡದು. ಇದು ಸಂಶೋಧಕರ ತೋಟ. ನೋಡುಗನನ್ನು ಒಲಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ಅದೇ ಅದರ ಘನತೆ. ಇಲ್ಲಿನ ಅತಿ ದೊಡ್ಡ ಕಥೆ ಅತಿ ಸಣ್ಣ ಗಿಡದ್ದು. 1987ರಲ್ಲಿ ಅಗಸ್ತ್ಯಮಲೆ ಕಾಡಿಗೆ ಹೋದ ವಿಜ್ಞಾನಿಗಳು ದಣಿದು ಕೂತಾಗ, ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಏನೋ ಸಣ್ಣ ಕಾಯಿ ತಿನ್ನುತ್ತ ಲವಲವಿಕೆಯಿಂದಿದ್ದರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದ ಸಂಸ್ಥೆ ‘ಜೀವನಿ’ ಎಂಬ ಔಷಧ ರೂಪಿಸಿತು. 1995ರಲ್ಲಿ ತಯಾರಿಕೆಯ ಹಕ್ಕನ್ನು ಕೊಟ್ಟಾಗ ಬಂದ 10 ಲಕ್ಷ ರೂಪಾಯಿ ಮತ್ತು ಶೇ. 2ರ ರಾಯಧನದಲ್ಲಿ ಅರ್ಧವನ್ನು ಕಾಣಿಗಳಿಗೆ ಕೊಡಲು ಒಪ್ಪಿಕೊಂಡಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಕಾಡನ್ನೇ ಹಿತ್ತಲು ಮಾಡಿಕೊಂಡವರಿಗೆ ಅದು ಮದ್ದೆಂದು ಗೊತ್ತೇ ಇತ್ತು, ಗೊತ್ತಾಗಬೇಕಿದ್ದದ್ದು ಉಳಿದವರಿಗೆ. ಪಡೆದ ಕಡ್ಡಿಗೆ ಬದಲು ಏನು ಕೊಡಬೇಕೆಂದು ಲೆಕ್ಕ ಹಾಕಿದ್ದು ಈ ತೋಟದ ದೊಡ್ಡತನ. ಈ ಕಥೆ ತಿಳಿಯದೆ ಹೊರಬಂದ ನೋಡುಗ ಪಾಲೋಡನ್ನು ಅರ್ಧವೇ ನೋಡಿದ ಹಾಗೆ.

ಗಿಡದ ಗುಣ ಹೇಳಿಕೊಟ್ಟವರನ್ನು ನೆನೆಯುವುದಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಹೆಸರಿನ ಅರ್ಥವೇ ಮಲಬಾರಿನ ತೋಟ. ಗಿಡಗಳ ಗುಣ ಹೇಳಿದವರಲ್ಲಿ ಮುಖ್ಯರು ಚೇರ್ತಲ ಕಡೆಯ ವೈದ್ಯ ಇಟ್ಟಿ ಅಚ್ಯುತನ್. ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಅವರ ಹೇಳಿಕೆಗಳನ್ನು ಅವರವರ ಹೆಸರಿನಲ್ಲೇ ಪುಸ್ತಕದಲ್ಲಿ ಸೇರಿಸಲಾಗಿದೆ. ಲಾಭ ಡಚ್ಚರಿಗೇ ಹೋಯಿತು, ಹೆಸರಾದರೂ ಉಳಿಯಿತು.

ಇಷ್ಟೆಲ್ಲ ಸುತ್ತಿದರೂ ಈ ಊರಿನ ನಿಜವಾದ ತೋಟ ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲ. ಅದು ಮನೆ ಸುತ್ತಲಿನ ಪರಂಬು. ಮೇಲೆ ತೆಂಗು, ಅದರ ಕೆಳಗೆ ಹಲಸು, ಮಾವು. ಮರಕ್ಕೆ ಹಬ್ಬಿದ ಮೆಣಸು. ಕೆಳಗೆ ಬಾಳೆ, ಕೆಸು, ಸುವರ್ಣಗೆಡ್ಡೆ. ಅಂಚಿನಲ್ಲಿ ತಿರುವನಂತಪುರದವರು ಮರಚ್ಚೀನಿ ಎನ್ನುವ ಮರಗೆಣಸು. ಮೂಲೆಯಲ್ಲಿ ನಮ್ಮ ನಾಗಬನದಂಥ ಸರ್ಪಕಾವು, ಕತ್ತಿ ತಾಗದ ತುಂಡು ಕಾಡು. ರಾಬಿನ್ಸನ್ ಪುಸ್ತಕ ಬರೆದು ಹೇಳಬೇಕಾದದ್ದು ಇಲ್ಲಿ ಯಾರೂ ಹೇಳದೆ ನಡೆದುಕೊಂಡು ಬಂದಿತ್ತು. ಮರಚ್ಚೀನಿಯೂ ಆಲೂಗಡ್ಡೆಯ ಹಾಗೆ ದಕ್ಷಿಣ ಅಮೆರಿಕದಿಂದ ಬಂದದ್ದೇ. 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ತಿರುವಾಂಕೂರಿನಲ್ಲಿ ಅದರ ಬೆಳೆಗೆ ಒತ್ತುಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಅಕ್ಕಿ ನಿಂತಾಗ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಗೆಡ್ಡೆ. ಅದನ್ನು ನೆಡಲು ಬೀಜ ಬೇಡ, ಕಾಂಡದ ಒಂದು ಗೇಣು ಸಾಕು. ಬೇಲಿಯ ಮೇಲಿಂದ ಕೈ ಬದಲಾಯಿಸುತ್ತಲೇ ಅದು ನಾಡೆಲ್ಲ ಹಬ್ಬಿರಬೇಕು.

ಕಡ್ಡಿ ಒಯ್ಯುವುದನ್ನು ಬರಿದೇ ಹೊಗಳುವಂತಿಲ್ಲ. ಚೆಂದದ ಹೂವೆಂದು ತಂದ ರೋಡೊಡೆಂಡ್ರಾನ್ ಐರ್ಲೆಂಡಿನ ಕಿಲಾರ್ನಿಯ ಓಕ್ ಕಾಡುಗಳನ್ನು ಒಳಗಿಂದ ಮುಚ್ಚುತ್ತಿದೆ. ಹಾಗೆಯೇ ಬಂದ ಲಂಟಾನ ನಮ್ಮ ಬಂಡೀಪುರದಲ್ಲಿ ಹುಲ್ಲು ಏಳಲು ಬಿಡುತ್ತಿಲ್ಲ. ಪರಂಬನ್ನೂ ಕನಸಿನಂತೆ ಕಾಣಬೇಕಿಲ್ಲ. ಪಾಲಾಗಿ ಪಾಲಾಗಿ ಅದು ಸೆಂಟುಗಳಿಗೆ ಇಳಿದಿದೆ. 2025ರ ಮೇ ತಿಂಗಳಲ್ಲಿ ಲೋಕಾರ್ಪಣೆಯಾದ ವಿಳಿಂಜಂ ಬಂದರಿನ ಕ್ರೇನುಗಳು ಕಾಣುವಷ್ಟು ದೂರವೂ ಮಣ್ಣಿಗಿಂತ ಜಾಗಕ್ಕೆ ಬೆಲೆ. ವಿಳಿಂಜಂನ ಮೀನುಗಾರರ ಒತ್ತೊತ್ತಾದ ಮನೆಗಳಿಗೆ ಪರಂಬು ಎಂದೂ ಇರಲೇ ಇಲ್ಲ. ಅಲ್ಲಿ ತುಳಸಿ, ಕರಿಬೇವು ಬೆಳೆಯುವುದು ಪೇಂಟಿನ ಡಬ್ಬದಲ್ಲಿ.

ಹೊರಡುವ ಹಿಂದಿನ ಸಂಜೆ ನಾನಿದ್ದ ಮನೆಯ ಪಕ್ಕದ ಚೇಚಿ (ಅಕ್ಕ) ತಮ್ಮ ಪರಂಬಿನಲ್ಲಿ ಒಂದು ಸುತ್ತು ಹಾಕಿಸಿದರು. ಮರಚ್ಚೀನಿಯ ಕಾಂಡ ಕಡಿದು, ಕಣ್ಣುಗಳು ಮೇಲ್ಮುಖವಾಗಿ ನೆಡಬೇಕೆಂದು ಬೆರಳಿಟ್ಟು ತೋರಿಸಿದರು. ನನ್ನ ಅಳತೆಗೋಲು ಗೆದ್ದಿತೆಂದುಕೊಂಡು ಕೈ ಚಾಚಿದೆ. ಕಡ್ಡಿಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ. “ನಿಮ್ಮ ಊರಿನದ್ದು ಏನು ತಂದಿರಿ?” ಎಂದು ನಗುತ್ತ ಕೇಳಿದರು. ಎಂಟು ದಿನ ಊರಿನ ತೋಟಗಳಿಗೆಲ್ಲ ಅಂಕ ಕೊಡುತ್ತ ಸುತ್ತಿದವನ ಚೀಲದಲ್ಲಿ ಒಂದು ಬಸಳೆ ಬೀಜವೂ ಇರಲಿಲ್ಲ.