ಸಾಕವ್ವನ ಮನೆಯ ನವಿಲು

ಸೋಮನಾಥಪುರದ ಕೇಶವ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದಿಟ್ಟ ಶಿಲ್ಪಗಳನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಇದೇ ಮೈಸೂರು ಸೀಮೆಯ ಇನ್ನೊಂದು ಗೋಡೆಯೂ ನನಗೆ ಅಷ್ಟೇ ದೊಡ್ಡದು. ಅದು ದೇವನೂರ ಮಹಾದೇವರ ‘ಒಡಲಾಳ’ ಕತೆಯಲ್ಲಿ ಹುಡುಗಿ ಪುಟ್ಟಗೌರಿ ನವಿಲು ಬಿಡಿಸುವ ಗೋಡೆ.

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ಮಹಾದೇವ ಒಂದು ದಲಿತ ಮನೆಯೊಳಗೆ ಮೂರು ತಲೆಮಾರನ್ನು ಕೂರಿಸುತ್ತಾರೆ. ಮುದುಕಿ ಸಾಕವ್ವನಿಗೆ ಕಳೆದುಹೋದ ಹುಂಜದ ಚಿಂತೆ. ಮಕ್ಕಳಿಗೆ ಪಾಲಿನ ತಕರಾರು. ಮೊಮ್ಮಗ ಶಿವುಗೆ ಎಲ್ಲದರಲ್ಲೂ ಬೆರಗು. ಅಷ್ಟು ಕಿತ್ತಾಡಿದವರೇ, ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ರಾತ್ರಿ ಒಟ್ಟಾಗಿ ಕೂತು ಸುಲಿದು ತಿನ್ನುತ್ತಾರೆ. ಹಸಿವು, ನಗು, ಅಕ್ಕರೆ ಹೀಗೆ ಒಂದೇ ಉಸಿರಲ್ಲಿ ಬರುವ ಊಟದ ಪುಟಗಳನ್ನು ಕನ್ನಡದಲ್ಲಿ ನಾನು ಬೇರೆಲ್ಲೂ ಓದಿಲ್ಲ. ಆಮೇಲೆ ಪೊಲೀಸರು ಬರುತ್ತಾರೆ.

ಹಳಬರನ್ನು ಗೇಲಿ ಮಾಡದೆ, ಹೊಸಬರನ್ನು ಮೆರೆಸದೆ ಬರೆಯುವುದು ಕಷ್ಟ; ಮಹಾದೇವ ಇಲ್ಲಿ ಹಾಗೆ ಬರೆಯುತ್ತಾರೆ. ‘ಡಾಂಬರು ಬಂದುದು’ ಕತೆಯಲ್ಲೂ ಅಷ್ಟೇ: ಹಳ್ಳಿಗೆ ಟಾರು ರಸ್ತೆ ಬರುವಾಗ ಓದಿದ ಹುಡುಗರು ಪಟೇಲರಿಗೆ ಎದುರು ನಿಲ್ಲುತ್ತಾರೆ, ಆದರೆ ಲೇಖಕರು ಯಾರ ಪರವಾಗಿಯೂ ಭಾಷಣ ಮಾಡುವುದಿಲ್ಲ. 1973ರ ‘ದ್ಯಾವನೂರು’ ಸಂಕಲನದಿಂದಲೇ ಅವರ ಜನ ತಮ್ಮ ಕೇರಿಯ ಮಾತಿನಲ್ಲೇ ಜಗಳವಾಡಿದರು, ಅದರಲ್ಲೇ ಮುದ್ದಿಸಿದರು.