ಬಸ್ಸುಗಳ ಕೈಪಿಡಿ ಪರಂಪರೆ ಮತ್ತು ಹೆಬ್ರಿಯ ಟೈಮಿಂಗ್

ಒಬ್ಬ ಮಾಲಕನ ಅಥವಾ ಒಂದು ಸಾರಿಗೆ ಸಂಸ್ಥೆಯ ಕೈಯಲ್ಲಿರುವ ಒಟ್ಟು ಬಸ್ಸುಗಳನ್ನು, ಅಂದರೆ ಅದರ ಫ್ಲೀಟನ್ನು, ಒಂದೊಂದಾಗಿ ನಮೂದಿಸಿ ಬಸ್ ಆಸಕ್ತರಿಗಾಗಿ ಅಚ್ಚು ಹಾಕಿಸುವ ಕೈಪಿಡಿ ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ಗ್ರಂಥಪ್ರಕಾರ. ಅದರ ಮೂಲ ರೈಲಿನಲ್ಲಿದೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿದ್ದ ಸದರ್ನ್ ರೈಲ್ವೆಯ ಕಚೇರಿಯಲ್ಲಿ ನೌಕರನಾಗಿದ್ದ ಇಯಾನ್ ಅಲನ್ ಎಂಬ ತರುಣ, ಎಂಜಿನ್ನುಗಳ ವಿವರ ಕೇಳಿ ಬರುತ್ತಿದ್ದ ಪತ್ರಗಳಿಗೆಲ್ಲ ಉತ್ತರಿಸುವ ಬದಲು ಒಂದು ಪಟ್ಟಿಯನ್ನೇ ಅಚ್ಚು ಹಾಕಿಸಿದರಾಯಿತೆಂದು 1942ರಲ್ಲಿ ಆ ಕಂಪೆನಿಯ ಎಂಜಿನ್ನುಗಳ ಕಿರುಹೊತ್ತಗೆಯನ್ನು ಹೊರತಂದನು. ಅದು ಕೈಗೂಡಿದ ಮೇಲೆ ಅದೇ ಮಾದರಿ ಲಂಡನ್ನಿನ ಬಸ್ಸುಗಳಿಗೂ, ಅನಂತರ ಪ್ರಾಂತಗಳ ಬಸ್ ಕಂಪೆನಿಗಳಿಗೂ ಹಬ್ಬಿತು. 1943ರಲ್ಲಿ ಸ್ಥಾಪನೆಯಾದ ಪಿಎಸ್‌ವಿ ಸರ್ಕಲ್ ಎಂಬ ಆಸಕ್ತರ ಸಂಘವು ಕಂಪೆನಿ ಕಂಪೆನಿಯ ಬಸ್ಸುಗಳ ಚರಿತ್ರೆಯನ್ನು ಇನ್ನೂ ಕಟ್ಟುನಿಟ್ಟಾಗಿ ದಾಖಲಿಸಿತು. 1986ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಬಹುಭಾಗದಲ್ಲಿ ಬಸ್ ಸಂಚಾರವನ್ನು ಸರಕಾರದ ಹಿಡಿತದಿಂದ ಬಿಡಿಸಿದ ಬಳಿಕ ಕಂಪೆನಿಗಳು ಒಡೆದು, ಕೂಡಿ, ಹೆಸರು ಬದಲಿಸಿಕೊಳ್ಳುತ್ತ ಹೋದುದರಿಂದ ಇಂಥ ಪುಸ್ತಕಗಳ ಅಗತ್ಯ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಈ ಕೈಪಿಡಿಗಳಲ್ಲಿ ವಾಕ್ಯಗಳು ಕಡಿಮೆ. ಪ್ರತಿ ಸಾಲಿನಲ್ಲಿ ಕಂಪೆನಿಯೇ ಬಸ್ಸಿಗೆ ಕೊಟ್ಟ ಕ್ರಮಸಂಖ್ಯೆ, ನೋಂದಣಿ ಸಂಖ್ಯೆ, ಚಾಸಿಯ ತಯಾರಕರು, ಬಾಡಿ ಕಟ್ಟಿದವರು, ಸೀಟುಗಳ ವಿನ್ಯಾಸ ಮತ್ತು ಬಸ್ಸು ಹೊಸದಾಗಿ ಬಂದ ವರ್ಷ ಇರುತ್ತವೆ. ಸೀಟಿನ ವಿವರಕ್ಕೆ ಒಂದು ಸಂಕೇತಭಾಷೆಯೇ ಇದೆ. ‘ಬಿ45ಎಫ್’ ಎಂದರೆ ಒಂದೇ ಅಂತಸ್ತಿನ, ನಲ್ವತ್ತೈದು ಸೀಟಿನ, ಮುಂಬಾಗಿಲಿನ ಬಸ್ಸು. ‘ಎಚ್43/31ಎಫ್’ ಎಂದರೆ ಮೇಲಂತಸ್ತಿನಲ್ಲಿ ನಲ್ವತ್ತಮೂರು, ಕೆಳಗೆ ಮೂವತ್ತೊಂದು ಸೀಟುಗಳಿರುವ, ಮುಂದಿನಿಂದ ಹತ್ತುವ ಡಬಲ್ ಡೆಕ್ಕರ್. ಇಷ್ಟು ಮೊಟಕಾದ ಬರವಣಿಗೆಯಲ್ಲಿ ಓದುಗನಿಗೆ ಏನು ಸುಖವಿದ್ದೀತು ಎಂಬ ಪ್ರಶ್ನೆ ಸಹಜ. ಆದರೆ ಕಣ್ಣಿಗೆ ಬಿದ್ದ ಬಸ್ಸಿನ ಸಂಖ್ಯೆಗೆ ಪೆನ್ಸಿಲಿನಿಂದ ಅಡಿಗೆರೆ ಎಳೆಯುವವರೆಗೆ ಆ ಪುಸ್ತಕ ಪೂರ್ಣವಾಗುವುದಿಲ್ಲವೆಂಬುದನ್ನು ಮರೆಯಬಾರದು. ಅದರ ಅರ್ಧವನ್ನು ಪ್ರಕಾಶಕನು ಅಚ್ಚು ಹಾಕಿಸಿದರೆ ಉಳಿದರ್ಧವನ್ನು ಓದುಗನು ರಸ್ತೆಬದಿಯಲ್ಲಿ ನಿಂತು ತುಂಬುತ್ತಾನೆ.

ಉಡುಪಿ ಜಿಲ್ಲೆಯಲ್ಲಿ ಇಂಥ ಗ್ರಂಥಪರಂಪರೆಯೊಂದು ಬೆಳೆಯಲಿಲ್ಲವೆಂಬುದು ಮೇಲ್ನೋಟಕ್ಕೆ ಸೋಜಿಗ, ಏಕೆಂದರೆ ಅದಕ್ಕೆ ಬೇಕಾದ ಸಾಮಗ್ರಿಗೆ ಇಲ್ಲಿ ಕೊರತೆಯಿರಲಿಲ್ಲ. 1941ರಲ್ಲೇ ಮಣಿಪಾಲ ಪವರ್ ಪ್ರೆಸ್ ಆರಂಭವಾಗಿತ್ತು, 1970ರ ಜನವರಿ 1ರಂದು ಅದೇ ಊರಿನಿಂದ ಉದಯವಾಣಿ ಹೊರಟಿತು. ಬಸ್ಸುಗಳ ಮಟ್ಟಿಗಂತೂ ಕರ್ನಾಟಕದ ಬೇರೆ ಭಾಗಗಳಲ್ಲಿ ಅಪರೂಪವಾದ ವೈವಿಧ್ಯ ಇಲ್ಲಿದೆ. ಹಳೆಯ ಮೈಸೂರು ಸೀಮೆಯಲ್ಲಿ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಸರಕಾರಿ ಸಾರಿಗೆ ಇಲಾಖೆ ಆರಂಭವಾಗಿ, 1961ರಲ್ಲಿ ನಿಗಮವಾಗಿ ಬೆಳೆದು ರಸ್ತೆಗಳನ್ನು ಆವರಿಸಿಕೊಂಡಿತು. ಆದರೆ ಆಗ ಉಡುಪಿಯನ್ನೂ ಒಳಗೊಂಡಿದ್ದ, 1956ರವರೆಗೆ ಮದರಾಸು ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಖಾಸಗಿ ಕಂಪೆನಿಗಳ ಬೇರು ಅಷ್ಟರಲ್ಲಾಗಲೇ ಆಳಕ್ಕೆ ಇಳಿದಿತ್ತು. ಹಿಂದಿನ ತಲೆಮಾರಿನವರ ಬಾಯಲ್ಲಿ ಸಿಪಿಸಿ, ಹನುಮಾನ್, ಶಂಕರ್ ವಿಠಲ್ ಎಂಬ ಹೆಸರುಗಳು ಊರಿನ ಹೆಸರುಗಳಷ್ಟೇ ಸಲೀಸಾಗಿ ಬರುತ್ತಿದ್ದವು. ಈಚಿನವರಿಗೆ ದುರ್ಗಾಂಬಾ, ಭಾರತಿ ಮೊದಲಾದವು ಹಾಗೆ. ಅಚ್ಚುಕೂಟ, ಓದುಗರು, ಬಸ್ಸುಗಳು ಮೂರೂ ಇದ್ದ ನೆಲದಲ್ಲಿ ಬಸ್ಸುಗಳ ಪುಸ್ತಕ ಯಾಕೆ ಬರಲಿಲ್ಲವೆಂಬ ಪ್ರಶ್ನೆಗೆ ಆಸಕ್ತಿಯ ಕೊರತೆಯೆಂದು ಉತ್ತರಿಸುವುದು ಸುಲಭ, ಆದರೆ ಅದು ತಪ್ಪು ಉತ್ತರ. ಹಾರ್ನಿನ ಸದ್ದಿನಿಂದಲೇ ಬಸ್ಸನ್ನು ಗುರುತಿಸುವ ಹುಡುಗರಿಗೆ ಈ ಜಿಲ್ಲೆಯಲ್ಲಿ ಎಂದೂ ಬರವಿರಲಿಲ್ಲ.

ಕಾರಣವನ್ನು ಹುಡುಕಬೇಕಾದುದು ಇಲ್ಲಿನ ಬಸ್ ವ್ಯವಹಾರದ ಒಳರಚನೆಯಲ್ಲಿ. ಪ್ರತಿ ಪ್ರಯಾಣಿಕನಿಂದ ಬೇರೆಬೇರೆಯಾಗಿ ಟಿಕೆಟ್ ಹಣ ಪಡೆದು, ದಾರಿಯುದ್ದಕ್ಕೂ ನಿಲ್ಲಿಸುತ್ತ ಸಾಗುವ ವಾಹನವನ್ನು ಕಾನೂನು ‘ಸ್ಟೇಜ್ ಕ್ಯಾರೇಜ್’ ಎಂದು ಕರೆಯುತ್ತದೆ. ಅದಕ್ಕೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಪರ್ಮಿಟ್ಟಿನ ತಿರುಳಿರುವುದು ಮಾರ್ಗದಲ್ಲಿ ಮತ್ತು ವೇಳೆಯಲ್ಲಿ: ಇಂಥ ಊರಿನಿಂದ ಇಷ್ಟು ಗಂಟೆಗೆ ಹೊರಟು, ಇಂಥ ಊರುಗಳ ಮೇಲೆ ಹಾದು, ಇಷ್ಟು ಹೊತ್ತಿಗೆ ತಲುಪುವ ಹಕ್ಕು. ಬಸ್ ಮಾಲಕರೂ ಚಾಲಕ ನಿರ್ವಾಹಕರೂ ಇದನ್ನೇ ‘ಟೈಮಿಂಗ್’ ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 83ನೆಯ ಕಲಮಿನ ಪ್ರಕಾರ ಪ್ರಾಧಿಕಾರದ ಅನುಮತಿ ಪಡೆದು ಒಂದು ಪರ್ಮಿಟ್ಟಿನ ಅಡಿಯಲ್ಲಿ ಓಡುವ ಬಸ್ಸನ್ನು ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕಬಹುದು. 82ನೆಯ ಕಲಮಿನ ಪ್ರಕಾರ, ಅನುಮತಿ ಇದ್ದರೆ, ಪರ್ಮಿಟ್ಟನ್ನೇ ಇನ್ನೊಬ್ಬರಿಗೆ ವರ್ಗಾಯಿಸಬಹುದು. ಹೀಗಾಗಿ ಹೆಬ್ರಿಯಿಂದ ಪೆರ್ಡೂರು, ಹಿರಿಯಡಕ, ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಬೆಳಗಿನ ಬಸ್ಸೊಂದು ಹಲವು ವರ್ಷಗಳಲ್ಲಿ ಚಾಸಿ, ಬಾಡಿ, ಬಣ್ಣ, ಮಾಲಕ, ಹೆಸರು ಎಲ್ಲವನ್ನೂ ಬದಲಿಸಿಕೊಂಡೂ ಅದೇ ಬಸ್ಸಾಗಿಯೇ ಉಳಿಯಬಲ್ಲದು. ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರ ಪಾಲಿಗೆ ಅದು ಅಂದೂ ಇಂದೂ ‘ಏಳೂವರೆಯ ಬಸ್ಸು’.

ಬ್ರಿಟಿಷ್ ಕೈಪಿಡಿಯ ಮೂಲ ನಂಬಿಕೆ ಇದಕ್ಕೆ ತಲೆಕೆಳಗು. ವಾಹನವು ಸ್ಥಿರ, ಅದು ಓಡುವ ಮಾರ್ಗ ಚಂಚಲ ಎಂದು ಅದು ಭಾವಿಸುತ್ತದೆ. ಇವತ್ತು ಯಾವ ದಾರಿಯಲ್ಲಿ ಹೋದರೂ ಆ ಬಸ್ಸು ತನ್ನ ಸಂಖ್ಯೆಯ ಸಾಲಿನಲ್ಲಿ ನಿಶ್ಚಲವಾಗಿ ನಿಂತಿರುತ್ತದೆ. ನೂರಾರು ಬಸ್ಸುಗಳನ್ನು ಸಾಲಾಗಿ ಕೊಂಡು, ಅವುಗಳ ಮೈಮೇಲೆ ಕ್ರಮಸಂಖ್ಯೆ ಬರೆಸಿ, ಡಿಪೊ ಡಿಪೊಗೆ ಹಂಚುವ ದೊಡ್ಡ ಸಂಸ್ಥೆಗಳಿಗೆ ಈ ನೋಟ ಒಪ್ಪುತ್ತದೆ. ಆದುದರಿಂದಲೇ ಕರ್ನಾಟಕದಲ್ಲಿ ಅಂಥ ಕೈಪಿಡಿಗೆ ಯೋಗ್ಯವಾದ ವಸ್ತು ಕೆಎಸ್‌ಆರ್‌ಟಿಸಿ. ಅದರ ಬಸ್ಸುಗಳ ನೋಂದಣಿಯಲ್ಲಿ ಬರುವ ‘ಎಫ್’ ಅಕ್ಷರ, ಕೆಂಗೇರಿ ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಕಟ್ಟಿದ ಬಾಡಿಗಳು, ವಿಭಾಗ ಮತ್ತು ಡಿಪೊಗಳ ಹಂಚಿಕೆ, ಇವೆಲ್ಲ ಕೋಷ್ಟಕಕ್ಕೆ ಹೇಳಿ ಮಾಡಿಸಿದ ವಿವರಗಳು. ಒಂದೆರಡೇ ಬಸ್ಸುಗಳಿರುವ ಕಾರ್ಕಳದ ಅಥವಾ ಕಾಪುವಿನ ಮಾಲಕನೊಬ್ಬನ ಫ್ಲೀಟನ್ನು ಅದೇ ಕೋಷ್ಟಕಕ್ಕೆ ಇಳಿಸಿದರೆ ಎರಡೇ ಸಾಲುಗಳಲ್ಲಿ ಅದು ಮುಗಿಯುತ್ತದೆ, ಹೇಳಬೇಕಾದುದೆಲ್ಲ ಕೋಷ್ಟಕದ ಹೊರಗೇ ಉಳಿಯುತ್ತದೆ.

ಹಾಗೆ ಹೊರಗುಳಿಯುವುದು ಏನೆಂಬುದಕ್ಕೆ ಹೆಬ್ರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 2018ರಲ್ಲಿ ತಾಲೂಕು ಕೇಂದ್ರವಾದ ಈ ಊರು ಘಟ್ಟದ ಬುಡದ ಕೂಡುದಾರಿ. ಪಶ್ಚಿಮಕ್ಕೆ ಉಡುಪಿಯ ರಸ್ತೆ, ದಕ್ಷಿಣಕ್ಕೆ ಮುನಿಯಾಲು, ಅಜೆಕಾರಿನ ಮೇಲೆ ಕಾರ್ಕಳದ ರಸ್ತೆ, ಪೂರ್ವಕ್ಕೆ ಸೋಮೇಶ್ವರ ದಾಟಿ ಆಗುಂಬೆಯ ಏರು. ಆ ಏರಿನಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳೆಂದು ಲೆಕ್ಕ. ಉದ್ದ ಚಾಸಿಯ ಬಸ್ಸು ಅಲ್ಲಿ ಒಂದೇ ಹೊರಳಿಗೆ ತಿರುಗದು. ಆದುದರಿಂದ ಉಡುಪಿಯಿಂದ ತೀರ್ಥಹಳ್ಳಿ, ಶಿವಮೊಗ್ಗದ ಕಡೆಗೆ ಈ ಘಟ್ಟದ ಮೇಲೆ ಮಿನಿ ಬಸ್ಸುಗಳನ್ನು ಓಡಿಸುವ ಪದ್ಧತಿ ಬೆಳೆಯಿತು. ಮಳೆಗಾಲದಲ್ಲಿ ಗುಡ್ಡ ಜರಿದಾಗಲೆಲ್ಲ ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆಯುವುದೂ ಉಂಟು. ಈಗ ಬ್ರಿಟಿಷ್ ಮಾದರಿಯ ಕೈಪಿಡಿಯೊಂದು ಇಂಥ ಬಸ್ಸನ್ನು ನಮೂದಿಸಿತೆಂದು ಭಾವಿಸೋಣ. ಸೀಟುಗಳು ಕಡಿಮೆ ಎಂಬುದು ಸಂಕೇತದಲ್ಲಿ ನಿಖರವಾಗಿ ದಾಖಲಾಗುತ್ತದೆ, ಆದರೆ ಏಕೆ ಕಡಿಮೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದೇ ಮಾಲಕನ ಇನ್ನೊಂದು ಬಸ್ಸು ಹೆಬ್ರಿಯಿಂದ ಕೆಳಕ್ಕೆ ಮಾತ್ರ ಓಡುವುದರಿಂದ ಪೂರ್ಣ ಉದ್ದದ್ದಾಗಿರಬಹುದು. ಕೋಷ್ಟಕದಲ್ಲಿ ಅವೆರಡರ ನಡುವಣ ವ್ಯತ್ಯಾಸವು ಕೊಂಡವನ ಖಯಾಲಿಯಂತೆ ಕಾಣುತ್ತದೆ. ವಾಹನದ ಆಕಾರವನ್ನು ನಿರ್ಧರಿಸಿದ್ದು ರಸ್ತೆ, ಆ ರಸ್ತೆಗೇ ಕೈಪಿಡಿಯಲ್ಲಿ ಅಂಕಣವಿಲ್ಲ.

ಸಂಖ್ಯೆಯ ನಂಬಿಕೆ ಸಡಿಲಾಗುವ ಇನ್ನೊಂದು ಎಡೆ ‘ಸರಂಡರ್’. ಕರ್ನಾಟಕದಲ್ಲಿ ಸ್ಟೇಜ್ ಕ್ಯಾರೇಜ್ ಬಸ್ಸಿನ ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ ಕಟ್ಟಬೇಕಾಗುತ್ತದೆ. ಕಲೆಕ್ಷನ್ ಇಲ್ಲದ ದಿನಗಳಲ್ಲಿ ಮಾಲಕರು ಬಸ್ಸಿನ ದಾಖಲೆಗಳನ್ನು ಸಾರಿಗೆ ಕಚೇರಿಗೆ ಒಪ್ಪಿಸಿ ಬಸ್ಸನ್ನು ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. 2020ರ ಕೊರೊನಾ ಕಾಲದಲ್ಲಿ ಕರಾವಳಿಯ ಹಲವು ಮಾಲಕರು ಹೀಗೆಯೇ ಮಾಡಿದರು. ಅಂಥ ಬಸ್ಸು ನೋಂದಣಿ ಪುಸ್ತಕದಲ್ಲಿ ಜೀವಂತ, ರಸ್ತೆಯಲ್ಲಿ ಇಲ್ಲ. ಅತ್ತ ಒಂದು ಟೈಮಿಂಗಿಗೆ ಬರಬೇಕಾದ ಬಸ್ಸು ಎಫ್‌ಸಿಗೆಂದು, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರದ ತಪಾಸಣೆಗೆಂದು ಹೋದ ದಿನ ಸ್ಪೇರ್ ಬಸ್ಸು ಬರುತ್ತದೆ. ಪ್ರಯಾಣಿಕರು ಬಸ್ಸಿನ ಮೈ ನೋಡಿ ತಬ್ಬಿಬ್ಬಾದರೂ ಎದುರಿನ ಬೋರ್ಡು ಓದಿ ಹತ್ತುತ್ತಾರೆ. ನಿಲ್ದಾಣದ ಏಜೆಂಟನೂ ಕೂಗಿ ಕರೆಯುವುದು ಊರಿನ ಹೆಸರನ್ನೇ.

ಕರಾವಳಿಯಲ್ಲಿ ಅಚ್ಚಾದ ಬಸ್ ಸಾಹಿತ್ಯವು ಈ ವಾಸ್ತವಕ್ಕೆ ಹೊಂದಿಕೊಂಡೇ ಇದೆ. ನಿಲ್ದಾಣದ ಗೋಡೆಯ ಮೇಲೆ ಜವಳಿ ಅಂಗಡಿಯ ಅಥವಾ ಚಿನ್ನದ ಮಳಿಗೆಯ ಜಾಹೀರಾತಿನೊಡನೆ ತೂಗುವ ವೇಳಾಪಟ್ಟಿ, ಜೇಬಿನಲ್ಲಿಡುವ ಕಿರುಹೊತ್ತಗೆ, ಪತ್ರಿಕೆಯ ಮೂಲೆಯ ಪ್ರಕಟಣೆ, ಇವುಗಳಲ್ಲೆಲ್ಲ ಮೊದಲ ಅಂಕಣ ಗಂಟೆಯದು, ಬಸ್ಸಿನ ಹೆಸರು ಅನಂತರದ್ದು, ನೋಂದಣಿ ಸಂಖ್ಯೆಯ ಸುಳಿವೇ ಇಲ್ಲ. ಸಾಹಿತ್ಯಚರಿತ್ರೆಯ ಮಾತಿನಲ್ಲಿ ಹೇಳುವುದಾದರೆ ಇವು ಇಯಾನ್ ಅಲನ್‌ನ ಸಂತಾನಕ್ಕೆ ಸೇರದೆ, 1839ರಲ್ಲಿ ರೈಲ್ವೆ ವೇಳಾಪಟ್ಟಿಗಳನ್ನು ಅಚ್ಚು ಹಾಕಿಸತೊಡಗಿದ ಜಾರ್ಜ್ ಬ್ರಾಡ್‌ಷಾನ ಸಂತಾನಕ್ಕೆ ಸೇರುತ್ತವೆ. ಭಾರತದಲ್ಲಿ ಕಲ್ಕತ್ತೆಯಿಂದ ಹೊರಡುತ್ತಿದ್ದ ನ್ಯೂಮನ್ಸ್ ಇಂಡಿಯನ್ ಬ್ರಾಡ್‌ಷಾ ಅದೇ ವಂಶದ್ದು. ವೇಳೆಯ ಈ ಪರಂಪರೆಗೆ ಉಪಯುಕ್ತತೆಯ ಬಲವಿದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ: ಹೊಸ ಪಟ್ಟಿ ಬಂದ ದಿನವೇ ಹಳೆಯದು ಕಸ. ಮುದ್ರಣದ ವರ್ಷವನ್ನು ಹಾಕದ ಪಟ್ಟಿಗಳೂ ಬೇಕಾದಷ್ಟು. ಹೆಬ್ರಿಯಿಂದ ಕಾರ್ಕಳಕ್ಕೆ ರಾತ್ರಿಯ ಕೊನೆಯ ಬಸ್ಸು ಒಂದು ತಲೆಮಾರಿನ ಹಿಂದೆ ಎಷ್ಟು ಗಂಟೆಗಿತ್ತು, ಅದು ಯಾವಾಗ ನಿಂತಿತು ಎಂಬಂಥ ಸರಳ ಪ್ರಶ್ನೆಗೆ ಉತ್ತರ ಹುಡುಕಬೇಕಾದುದು ಈಗ ಜನರ ನೆನಪಿನಲ್ಲಿ.

ಬ್ರಿಟಿಷ್ ಕೈಪಿಡಿಯನ್ನು ಮೆಚ್ಚಬೇಕಾದುದು ಈ ಒಂದು ಕಾರಣಕ್ಕೆ. ಅದರ ವಿಷಯವಿಂಗಡಣೆ ಇಲ್ಲಿಗೆ ಸಲ್ಲದಿದ್ದರೂ ಅದರ ಶಿಸ್ತು ಸಲ್ಲುತ್ತದೆ. ಪ್ರತಿ ಆವೃತ್ತಿಗೂ ಒಂದು ದಿನಾಂಕವಿದೆ, ಈ ದಿನಾಂಕಕ್ಕೆ ಸ್ಥಿತಿ ಹೀಗಿತ್ತು ಎಂಬ ಬದ್ಧತೆಯಿದೆ, ಹಿಂದಿನ ಆವೃತ್ತಿಯ ತಪ್ಪನ್ನು ಓದುಗರು ಬರೆದು ತಿಳಿಸಿದರೆ ಮುಂದಿನದರಲ್ಲಿ ತಿದ್ದುವ ಪದ್ಧತಿಯಿದೆ. ಹತ್ತು ಆವೃತ್ತಿಗಳನ್ನು ಸಾಲಾಗಿ ಇಟ್ಟರೆ, ಯಾರೂ ಚರಿತ್ರೆಯೆಂದು ಬರೆಯದ ಒಂದು ಚರಿತ್ರೆ ಸಿಗುತ್ತದೆ. ಹಾಗೆಂದು ಆ ಪರಂಪರೆಯನ್ನು ತಲೆಯ ಮೇಲೆ ಹೊರಬೇಕಿಲ್ಲ. ಚಾಸಿಯ ಹೆಸರನ್ನು ಒಂದಕ್ಷರ ತಪ್ಪದೆ ಬರೆಯುವ ಆ ಪುಸ್ತಕಗಳ ಅಂಕಣಗಳಲ್ಲಿ ಚಾಲಕನೂ ಇಲ್ಲ, ನಿರ್ವಾಹಕನೂ ಇಲ್ಲ. ಬಾಡಿ ಕಟ್ಟಿದ ಕಂಪೆನಿಯ ಹೆಸರಿದೆ, ಕಟ್ಟಿದ ಕೈಗಳಿಲ್ಲ.

ಈ ಮಿತಿ ಮಲೆನಾಡಿನ ಒಂದು ಉದಾಹರಣೆಯಲ್ಲಿ ಢಾಳಾಗಿ ಕಾಣುತ್ತದೆ. ಕೊಪ್ಪದ ಶಂಕರ್ ಕಂಪೆನಿಯ ಕಾರ್ಮಿಕರು, ಕಂಪೆನಿ ಬಾಗಿಲು ಹಾಕಿದಾಗ, 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿಕೊಂಡು ಓಡಿಸತೊಡಗಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕ ಘಟ್ಟದ ಮೇಲಿನ ಊರುಗಳನ್ನು ಬೆಸೆದು 2020ರಲ್ಲಿ ನಿಂತುಹೋಯಿತು. ಫ್ಲೀಟ್ ಕೈಪಿಡಿಯ ರೀತಿಯಲ್ಲಿ ಇದನ್ನು ಬರೆದರೆ ಮಾಲಕರ ಹೆಸರಿನ ಬದಲಾವಣೆ ಮಾತ್ರ ದಾಖಲಾಗುತ್ತದೆ. ಚಾಲಕ ನಿರ್ವಾಹಕರೇ ಮಾಲಕರಾದರೆಂಬ, ಇಡೀ ಪ್ರಕರಣದ ಜೀವಾಳವಾದ ಸಂಗತಿಯು ಅಡಿಟಿಪ್ಪಣಿಯಾಗಿಯೂ ಬರಲಾರದು. ಕರಾವಳಿಯ ವೇಳಾಪಟ್ಟಿಯಾದರೂ ಇದನ್ನು ಹಿಡಿದಿಡುವುದಿಲ್ಲ, ನಿಜ. ಆದರೆ ಬಸ್ಸು ಬರದಿದ್ದ ದಿನ ಯಾವ ಊರಿನವರು ನಡೆಯಬೇಕಾಯಿತೆಂಬುದನ್ನಾದರೂ ಅದರಿಂದ ಊಹಿಸಬಹುದು. ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದಾಗ ಉಡುಪಿ ಜಿಲ್ಲೆಯ ಒಳದಾರಿಗಳಲ್ಲಿ ಎದ್ದ ಪ್ರಶ್ನೆಯೂ ಅದೇ ಜಾತಿಯದು: ನಮ್ಮ ದಾರಿಯಲ್ಲಿ ಸರಕಾರಿ ಬಸ್ಸಿನ ಟೈಮಿಂಗ್ ಯಾವುದು? ಆಗ ಬೇಕಾದದ್ದು ಪ್ರತಿ ಮಾರ್ಗದ ಖಾಸಗಿ ಮತ್ತು ಸರಕಾರಿ ಟ್ರಿಪ್ಪುಗಳನ್ನು ದಿನಾಂಕಸಹಿತ ಒಂದೇ ಪುಟದಲ್ಲಿ ತೋರಿಸುವ ಪುಸ್ತಕ.

ಅಂಥ ಪುಸ್ತಕವನ್ನು ಯಾರಾದರೂ ಕೈಗೆತ್ತಿಕೊಂಡರೆ ಅದರ ಮೂಲಘಟಕ ಟೈಮಿಂಗ್ ಆಗಿರಬೇಕು. ಅದರ ಕೆಳಗೆ ಆ ವೇಳೆಗೆ ಓಡಿದ ಬಸ್ಸುಗಳ ಹೆಸರು, ಚಾಸಿ, ಬಾಡಿ, ಸೀಟು, ಮಾಲಕರ ಸರಣಿ ಕಾಲಕ್ರಮದಲ್ಲಿ ಬರಬೇಕು. ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಪ್ರಾಧಿಕಾರದ ಸಭೆಗಳ ವಿಷಯಸೂಚಿಯಲ್ಲಿ ಪರ್ಮಿಟ್, ಮಾರ್ಗ, ವೇಳೆ, ವರ್ಗಾವಣೆ, ಬದಲಿ ಬಸ್ಸು ಎಲ್ಲವೂ ಕಡತದ ಭಾಷೆಯಲ್ಲಿ ನಮೂದಾಗಿರುತ್ತವೆ. ಕಲೆಕ್ಷನ್ನಿನ ಗುಟ್ಟು ಹೊರಬೀಳುವುದೆಂದು ಮಾಲಕರು ಹಿಂಜರಿಯಬಹುದು, ಆದರೆ ಇಂಥ ಪುಸ್ತಕಕ್ಕೆ ಆ ಅಂಕಿ ಬೇಕಾಗಿಯೇ ಇಲ್ಲ. ಎಷ್ಟು ವರ್ಷಕ್ಕೊಂದು ಆವೃತ್ತಿ ಎಂಬುದನ್ನೂ ಕಾಯ್ದೆಯೇ ಸೂಚಿಸುತ್ತದೆ: 81ನೆಯ ಕಲಮಿನ ಪ್ರಕಾರ ಪರ್ಮಿಟ್ಟಿನ ಅವಧಿ ಐದು ವರ್ಷ, ನವೀಕರಣದ ಅರ್ಜಿಯೊಡನೆ ಪ್ರತಿ ಟೈಮಿಂಗಿನ ವಿವರವೂ ಹೇಗೂ ಮತ್ತೊಮ್ಮೆ ಮೇಜಿನ ಮೇಲೆ ಬಂದೇ ಬರುತ್ತದೆ.